ಮರ ನಮ್ದು, ಸೊಪ್ಪು ನಿಮ್ದು: ನಾಲ್ಕು ಮರ ಕಡಿದ ಮೇಲೆ ಹಿತ್ತಲಲ್ಲಿ ಉಳಿದ ರಾಶಿ

ಹಿನ್ನೆಲೆ

ಹಳೆ ಮೈಸೂರು ಕಡೆಯ ಒಂದು ಪಟ್ಟಣ. 80×120 ಅಡಿಯ ನಿವೇಶನ, ಮುಂದೆ ಹಳೆಯ ಮನೆ, ಹಿಂದೆ ತೋಟ. ಮನೆಯಲ್ಲಿರುವವರು ನಿವೃತ್ತ ದಂಪತಿ. ಗುರುತು ಸಿಗಬಾರದೆಂದು ಊರು, ಬೀದಿ, ವರ್ಷ ಬಿಟ್ಟಿದೆ.

ತೆಗೆಯಬೇಕಿದ್ದ ಮರಗಳು ನಾಲ್ಕು. ಮೊದಲನೆಯದು ಗುಲ್‌ಮೊಹರ್. ಎದೆಮಟ್ಟದಲ್ಲಿ 2.6 ಮೀಟರ್ ಸುತ್ತಳತೆ, ಬುಡದಲ್ಲಿ ತಟ್ಟೆಯಂಥ ಕಂದು ಅಣಬೆ, ಸುತ್ತಿಗೆಯ ಹಿಡಿಯಿಂದ ಬಡಿದರೆ ಟೊಳ್ಳು ಸದ್ದು. ಎರಡನೆಯದು ಮಾವು, 2.1 ಮೀಟರ್ ಸುತ್ತಳತೆ. ಕಾಂಡಕೊರಕ ಹೊಕ್ಕು ಅರ್ಧ ನೆತ್ತಿ ಒಣಗಿತ್ತು, ಉಳಿದರ್ಧ ಪಕ್ಕದ ಮನೆಯ ಶೀಟಿನ ಮೇಲೆ ಬಾಗಿತ್ತು. ಇನ್ನೆರಡು ತೆಂಗು, ಸುಮಾರು 15 ಮೀಟರ್ ಎತ್ತರದವು. ಒಂದು ವಿದ್ಯುತ್ ತಂತಿಯತ್ತ ವಾಲಿತ್ತು, ಇನ್ನೊಂದು ಕಾಯಿ ಬಿಡುವುದನ್ನೇ ನಿಲ್ಲಿಸಿತ್ತು.

ಕಾಗದಪತ್ರದ ವಿಷಯದಲ್ಲಿ ಮನೆಯವರು ಎಡವಲಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಸ್ವಂತ ಜಾಗದ ಮರಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗಿಗೆ ಬೇಕಿಲ್ಲ. ಮಾವು, ಗುಲ್‌ಮೊಹರಿಗೆ ಅರ್ಜಿ ಹಾಕಿ, ಸ್ಥಳ ತನಿಖೆ ಮುಗಿಸಿ, ಬದಲಿ ಗಿಡ ನೆಡುವ ಷರತ್ತಿನೊಂದಿಗೆ ಅನುಮತಿ ಪಡೆದರು. ಮೇ ಎರಡನೇ ವಾರ, ಮಳೆ ಹಿಡಿಯುವ ಮುಂಚೆ, ಕೆಲಸ ಶುರುವಾಯಿತು.

ಒಪ್ಪಂದ ಬಾಯಿಮಾತಿನದು. ಮೇಸ್ತ್ರಿ ಮರ ನೋಡಿ, ದಿಮ್ಮಿಯ ಬೆಲೆ ಕಳೆದು 38,000 ರೂಪಾಯಿ ಹೇಳಿದರು. ಮನೆಯವರು ಒಪ್ಪಿದರು. “ಎಲ್ಲಾ ಕ್ಲೀನ್ ಮಾಡಿ ಕೊಡ್ತೀರಲ್ಲ?” ಎಂದು ಕೇಳಿದ್ದಕ್ಕೆ “ಮಾಡ್ತೀವಿ ಸಾರ್” ಎಂಬ ಉತ್ತರವೂ ಬಂತು. ಆ ‘ಎಲ್ಲಾ’ದೊಳಗೆ ಏನೇನಿದೆ ಎಂದು ಇಬ್ಬರೂ ಬಿಡಿಸಿ ಹೇಳಲಿಲ್ಲ.

ಮೂರನೇ ದಿನ ಸಂಜೆ

ಮರ ಉರುಳಿಸುವ ಕೆಲಸ ಚೊಕ್ಕವಾಗಿಯೇ ನಡೆಯಿತು. ಕೊಂಬೆಗೆ ಹಗ್ಗ ಕಟ್ಟಿ ಒಂದೊಂದಾಗಿ ಇಳಿಸಿದರು, ಪಕ್ಕದ ಮನೆಯ ಶೀಟಿಗೆ ಗೀರು ಕೂಡ ಬೀಳಲಿಲ್ಲ. ಮೂರನೇ ದಿನ ಸಂಜೆ ಗುಲ್‌ಮೊಹರಿನ ದಿಮ್ಮಿಗಳನ್ನು ಸೌದೆಗೆಂದು ಹೇರಿಕೊಂಡು ಮೇಸ್ತ್ರಿ ಹೊರಟಾಗ, ಹಿತ್ತಲಲ್ಲಿ 9 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.8 ಮೀಟರ್ ಎತ್ತರದ ಸೊಪ್ಪುಸದೆಯ ರಾಶಿ ಬಿದ್ದಿತ್ತು. ಅದರ ಪಕ್ಕದಲ್ಲಿ ಮಾವಿನ ಬುಡದ ದಿಮ್ಮಿ ಮತ್ತು ಹತ್ತು ತೆಂಗಿನ ಬೊಡ್ಡೆ. ಕೇಳಿದ್ದಕ್ಕೆ ಸಿಕ್ಕ ಉತ್ತರ: “ಮರ ನಮ್ದು, ಸೊಪ್ಪು ನಿಮ್ದು ಸಾರ್. ಬೇಕಂದ್ರೆ ಲೋಡಿಗೆ ಎರಡು ಸಾವಿರದ ಇನ್ನೂರು.”

ಇದರಲ್ಲಿ ಮೋಸವೇನಿಲ್ಲ, ಕಸುಬಿನ ರೂಢಿಯೇ ಹಾಗೆ. ಮರದಲ್ಲಿ ತೂಕ ಇರುವುದು ಕಾಂಡದಲ್ಲಿ, ಗಾತ್ರ ಇರುವುದು ಕೊಂಬೆಯಲ್ಲಿ. ಇವೆರಡೂ ಬೇರೆ ಬೇರೆ ತಲೆನೋವು. ಗುಲ್‌ಮೊಹರಿನ 4 ಮೀಟರ್ ಕಾಂಡ ಸುಮಾರು 2 ಟನ್ ತೂಗಿದರೂ ಒಂದೇ ಗಾಡಿಗೆ ಸಾಲುತ್ತದೆ. ಅದೇ ಮರದ ಸೊಪ್ಪುಸದೆ ಅಷ್ಟೇ ತೂಗಿದರೂ ಒಂದು ಗಾಡಿಗೆ ಅರ್ಧ ಟನ್ ಕೂಡ ಹಿಡಿಯುವುದಿಲ್ಲ, ನಡುವೆ ಇರುವುದೆಲ್ಲ ಗಾಳಿ. ರಾಶಿಯ ಗಾತ್ರ 65 ಘನ ಮೀಟರ್. ಟ್ರ್ಯಾಕ್ಟರ್ ಟ್ರೇಲರಿನ ತೊಟ್ಟಿ 10×6×2 ಅಡಿಯದಾದರೂ ಕಟ್ಟಿ, ತುಳಿದು ಮೇಲೆತ್ತಿದರೆ 7 ಘನ ಮೀಟರಿನಷ್ಟು ಹಿಡಿಯುತ್ತದೆ. ಅಂದರೆ ಬರೀ ಸೊಪ್ಪಿಗೇ ಒಂಬತ್ತು ಲೋಡು, ಬೊಡ್ಡೆಗೆ ಇನ್ನೆರಡು ಮೂರು, ಒಟ್ಟು 24,000ದಿಂದ 26,000 ದಾಟುವ ಲೆಕ್ಕ. ಕಡಿಯುವ ಕೂಲಿಯ ಮೂರನೇ ಎರಡು ಭಾಗ!

ಮಾಡಿ ನೋಡಿದ್ದು

ಮೊದಲು ಎರಡು ಲೋಡು ಕಳಿಸಿದರು. ಒಂದು ಊರಾಚೆ ಎಲ್ಲೋ ಇಳಿಯಿತು, ಎಲ್ಲೆಂದು ಮನೆಯವರೂ ಕೇಳಲಿಲ್ಲ. ಎರಡನೆಯದನ್ನು ಖಾಲಿ ಜಮೀನಿನ ಮಾಲೀಕರು ಅಡ್ಡಹಾಕಿ ವಾಪಸ್ ಕಳಿಸಿದರು. ಬಾಡಿಗೆ ಮಾತ್ರ ಎರಡು ಲೋಡಿನದೂ ಹೋಯಿತು. ಆಗ ಜಾರಿಯಲ್ಲಿದ್ದ ಘನತ್ಯಾಜ್ಯ ನಿರ್ವಹಣಾ ನಿಯಮಗಳು, 2016 ಈ ವಿಷಯದಲ್ಲಿ ಸ್ಪಷ್ಟವಾಗಿದ್ದವು: ತೋಟದ ಕಸವನ್ನು ಅವರವರ ಆವರಣದಲ್ಲೇ ಬೇರೆಯಾಗಿ ಇಟ್ಟು ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕಿತ್ತು, ರಸ್ತೆ, ಚರಂಡಿ, ಕೆರೆ, ಸಾರ್ವಜನಿಕ ಜಾಗದಲ್ಲಿ ಎಸೆಯುವಂತಿರಲಿಲ್ಲ, ಸುಡುವಂತಿರಲಿಲ್ಲ.

ಹಾಗಿದ್ದೂ ಸುಡುವ ಪ್ರಯತ್ನ ಒಂದು ಬೆಳಗ್ಗೆ ನಡೆಯಿತು. ಹಸಿ ಮಾವಿನ ಸೊಪ್ಪು ಉರಿಯಲಿಲ್ಲ, ಹೊಗೆಯಾಡಿತು. ಅರ್ಧ ಗಂಟೆಯಲ್ಲಿ ನೆರೆಯವರ ದೂರು, ಮಧ್ಯಾಹ್ನ ಪುರಸಭೆಯವರ ಎಚ್ಚರಿಕೆ. ಅಲ್ಲಿಗೆ ಆ ದಾರಿ ಮುಚ್ಚಿತು. ರಾಶಿ ಹಾಗೇ ಮೂರು ವಾರ ಬಿದ್ದಿತ್ತು. ಇಡೀ ಪ್ರಕರಣದಲ್ಲಿ ದುಬಾರಿಯಾದದ್ದು ಈ ಮೂರು ವಾರ. ಏಕೆಂಬುದು ಯಂತ್ರ ಬಂದ ಮೇಲೆ ಗೊತ್ತಾಯಿತು.

ಮಾವಿನ ದಿಮ್ಮಿಯ ಕತೆ ಬೇರೆ. ಮೇಸ್ತ್ರಿ ಅದನ್ನು ಮೊದಲು ಹಲಗೆಗೆಂದು ಲೆಕ್ಕ ಹಾಕಿದ್ದರು. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು ಮರದ ವ್ಯಾಪಾರದ ಪದ್ಧತಿ. 2.1 ಮೀಟರ್ ಸುತ್ತಳತೆಯ 3 ಮೀಟರ್ ದಿಮ್ಮಿಗೆ 0.83 ಘನ ಮೀಟರ್ ಬರುತ್ತದೆ. ನಿಜವಾದ ಗಾತ್ರ 1.05. ಈ ಸೂತ್ರ ಯಾವಾಗಲೂ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಕಡಿಮೆ ತೋರಿಸುತ್ತದೆ. ಸಿಪ್ಪೆ, ಅಂಚು ಕಳೆದು ಉಳಿಯುವ ನಾಟದ ಅಂದಾಜು ಅದು. ಸಿಟ್ಟಾಗಬೇಕಿಲ್ಲ, ತಿಳಿದಿದ್ದರೆ ಸಾಕು. ಆದರೆ ಸಾಮಿಲ್ಲಿನವರು ಬಂದು ದಿಮ್ಮಿಯ ಕೊಯ್ದ ಮುಖ ನೋಡಿದೊಡನೆ ತಲೆಯಾಡಿಸಿಬಿಟ್ಟರು. ಹಳದಿ ಮರದ ನಡುವೆ ಹೆಬ್ಬೆರಳಿನಷ್ಟಗಲದ ಮಸಿಗಪ್ಪು ಕಲೆ ಇತ್ತು. ಎಂದೋ ಬಟ್ಟೆ ಒಣಹಾಕುವ ತಂತಿಗೆ ಹೊಡೆದ ಮೊಳೆಯನ್ನು ಮರ ನುಂಗಿತ್ತು. ಕಬ್ಬಿಣ ಮರದ ಒಗರಿನೊಂದಿಗೆ ಸೇರಿ ಕಪ್ಪಾಗುತ್ತದೆ. ಆ ಕಲೆ ಕಂಡಲ್ಲಿ ಬ್ಯಾಂಡ್‌ಸಾ ಬ್ಲೇಡನ್ನು ಯಾರೂ ಪಣಕ್ಕಿಡುವುದಿಲ್ಲ. ಮನೆಯಂಗಳದ ಮರಗಳಿಗೆ ಸಾಮಿಲ್ಲಿನವರು ಹಿಂದೇಟು ಹಾಕುವುದೂ ಇದಕ್ಕೇ. ಮೇಸ್ತ್ರಿ ದಿಮ್ಮಿಯನ್ನು ಬಿಟ್ಟುಹೋಗಿದ್ದರ ಗುಟ್ಟು ಆಗ ಬಯಲಾಯಿತು.

ತಿರುವು: ರಾಶಿಯನ್ನು ಬಿಡಿಸಿದ್ದು

ಜೂನ್ ಮೊದಲ ವಾರ, ತೆಂಗಿನ ಗರಿ ಪುಡಿಮಾಡಲು ಶ್ರೆಡ್ಡರ್ ಇಟ್ಟುಕೊಂಡಿದ್ದ ರೈತರೊಬ್ಬರಿಂದ ಯಂತ್ರ ಬಾಡಿಗೆಗೆ ಸಿಕ್ಕಿತು. ಟ್ರ್ಯಾಕ್ಟರಿನ ಪಿಟಿಒ ಶಾಫ್ಟಿನಿಂದ, ಅಂದರೆ ಎಂಜಿನ್ನಿನ ಬಲವನ್ನು ಹೊರಗಿನ ಯಂತ್ರಕ್ಕೆ ಕೊಡುವ ತಿರುಗುವ ದಂಡದಿಂದ, ನಿಮಿಷಕ್ಕೆ 540 ಸುತ್ತಿನಲ್ಲಿ ಓಡುವ, 10 ಸೆಂ.ಮೀ. ದಪ್ಪದವರೆಗಿನ ಕೊಂಬೆ ನುಂಗುವ ಯಂತ್ರ. ಗಂಟೆಗೆ 1,200 ರೂಪಾಯಿ, ಡೀಸೆಲ್ ಸೇರಿ. ರೈತರು ರಾಶಿ ನೋಡಿ ಯಂತ್ರ ಶುರು ಮಾಡಲಿಲ್ಲ. ಮೊದಲು ರಾಶಿ ಬಿಡಿಸಿ ಎಂದರು.

ಇಬ್ಬರು ಆಳು ಮಚ್ಚು, ಕೈಗರಗಸ ಹಿಡಿದು ಒಂದಿಡೀ ದಿನ ಬಿಡಿಸಿದರು. ಮಣಿಕಟ್ಟಿಗಿಂತ, ಅಂದರೆ ಸುಮಾರು 5 ಸೆಂ.ಮೀ.ಗಿಂತ, ದಪ್ಪದ್ದೆಲ್ಲ ಸೌದೆಗೆ: ಎರಡು ಅಡಿಯ ತುಂಡು, ಒಟ್ಟು 2.4 ಟನ್. ಯಂತ್ರ 10 ಸೆಂ.ಮೀ. ತನಕ ನುಂಗುತ್ತದಲ್ಲ ಎಂದು ಅದನ್ನೂ ತಿನ್ನಿಸಿದರೆ ಡೀಸೆಲ್ಲೂ ಬ್ಲೇಡೂ ಖರ್ಚು, ಮಾರಬಹುದಾದ ಸೌದೆಯೂ ಹೋಗುತ್ತದೆ. ಮಾವಿನ ಹುಳ ತಿಂದ ತುಂಡುಗಳನ್ನು ಅಂದೇ ಕೊಡಲಿಯಿಂದ ಸೀಳಿ ಬಿಸಿಲಿಗೆ ಹರವಿದರು, ಏಕೆಂದರೆ ಕಾಂಡಕೊರಕದ ಮರಿ ಕಡಿದ ದಿಮ್ಮಿಯೊಳಗೂ ಬೆಳೆದು ಹೊರಬರಬಲ್ಲದು. ಗುಲ್‌ಮೊಹರಿನ ಅಣಬೆ ಹತ್ತಿದ ಬುಡದ ಒಂದೂವರೆ ಮೀಟರನ್ನು ಮೇಸ್ತ್ರಿ ಮೊದಲೇ ಸೌದೆಗೆ ಒಯ್ದಿದ್ದರು, ಅದು ಒಳ್ಳೆಯದೇ ಆಯಿತು. ಅಣಬೆ ಯಾವುದೆಂದು ಯಾರೂ ಪರೀಕ್ಷಿಸಿರಲಿಲ್ಲ. ತೆಂಗಿಗೆ ಅಣಬೆ ರೋಗ ತರುವ ಗ್ಯಾನೊಡರ್ಮ ಜಾತಿಯವು ಇಂಥ ಮರಗಳ ಬುಡದಲ್ಲೂ ಕಾಣಿಸಿಕೊಳ್ಳುವುದರಿಂದ, ಆ ಭಾಗದ ಚೂರು ತೆಂಗಿನ ಪಾತಿಗೆ ಬೀಳದಿರುವುದೇ ಕ್ಷೇಮ.

ರಾಶಿಯ ತಳದಲ್ಲಿ ಒಂದು ಕೇರೆ ಹಾವು, ಇಲಿಯ ಬಿಲ ಎರಡು. ಮೂರು ವಾರ ಬಿದ್ದ ಸೊಪ್ಪನ್ನು ಕೈಹಾಕಿ ಎಳೆಯಬಾರದು, ಕೊಕ್ಕೆಯಲ್ಲಿ ಎಳೆಯಬೇಕು.

ಇನ್ನು ಯಂತ್ರದ ಕೆಲಸ. 45 ಘನ ಮೀಟರ್ ಸೊಪ್ಪುಸದೆ ಎರಡು ದಿನದಲ್ಲಿ, ಒಟ್ಟು ಏಳು ಗಂಟೆಯಲ್ಲಿ, 8 ಘನ ಮೀಟರ್ ಚೂರಾಯಿತು. ಹಸಿಯಾಗಿದ್ದಾಗಲೇ ಮಾಡಿದ್ದರೆ ಇನ್ನೂ ಬೇಗ ಆಗುತ್ತಿತ್ತು. ಒಣಗಿದ ಕೊಂಬೆ ಗಟ್ಟಿಯಾಗುತ್ತದೆ, ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ಮಳೆ ಹನಿದು ಮಣ್ಣು ಸಿಡಿದು ತಳದ ಕೊಂಬೆಗಳಿಗೆಲ್ಲ ಮರಳು ಮೆತ್ತಿತ್ತು. ಮೂರನೇ ಗಂಟೆಗೇ ಬ್ಲೇಡ್ ಮೊಂಡಾಯಿತು. ಬ್ಲೇಡ್ ಮೊಂಡಾದದ್ದು ಚೂರಿನಲ್ಲೇ ತಿಳಿಯುತ್ತದೆ: ಅಂಚು ಕೊಯ್ದಂತಿರುವ ಬದಲು ಜಜ್ಜಿ, ನಾರು ನಾರಾಗಿ ಬರುತ್ತದೆ, ಯಂತ್ರ ಅದುರುತ್ತದೆ. ಬ್ಲೇಡ್ ತಿರುಗಿಸಿ ಹಾಕಲು ಮುಕ್ಕಾಲು ಗಂಟೆ ಹೋಯಿತು.

ತೆಂಗಿನ ಗರಿ ಮತ್ತೊಂದು ತೊಡಕು ತಂದಿತು. ಗರಿಗೆಂದೇ ಇರುವ ಯಂತ್ರವಾದರೂ ಬುಡದ ನಾರು ರೋಟರಿಗೆ ಸುತ್ತಿಕೊಂಡು ಎರಡು ಸಲ ನಿಂತಿತು. ಮಟ್ಟೆಯ ಬುಡದ ಒಂದು ಅಡಿ ಕಡಿದು, ನಾರು ಕಿತ್ತು, ಒಂದೊಂದೇ ಗರಿ ಕೊಟ್ಟ ಮೇಲೆ ಸಲೀಸಾಯಿತು. ಬರೀ ಹಸಿ ಎಲೆ ಕೊಟ್ಟರೆ ಹೊರಬಾಯಿ ಮುದ್ದೆಯಾಗಿ ಕಟ್ಟುತ್ತದೆ. ಎಲೆಯ ಹಿಂದೆ ಒಂದು ಒಣಕೊಂಬೆ ಕೊಟ್ಟರೆ ಅದೇ ಅದನ್ನು ತಳ್ಳಿಕೊಂಡು ಹೋಗುತ್ತದೆ. ಕೊಂಬೆಯ ದಪ್ಪ ತುದಿಯೇ ಮೊದಲು ಒಳಗೆ ಹೋಗಬೇಕು. ಕೊನೆಯ ಮೊಳದುದ್ದವನ್ನು ಕೈಯಿಂದಲ್ಲ, ಇನ್ನೊಂದು ಕೊಂಬೆಯಿಂದ ತಳ್ಳಬೇಕು. ಪಿಟಿಒ ಶಾಫ್ಟಿಗೆ ಕವಚ ಇಲ್ಲದಿದ್ದರೆ ಯಂತ್ರ ಹಚ್ಚಲೇಬಾರದು. ಹೆಗಲ ಟವೆಲ್, ಲುಂಗಿ, ಇಳಿಬಿಟ್ಟ ಸೆರಗು ಯಾವುದೂ ಅದರ ಹತ್ತಿರ ಸುಳಿಯಕೂಡದು. ಅದು ಬಟ್ಟೆ ಹಿಡಿದರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಚೂರು ಏನಾಯಿತು

ಎಂಟರಲ್ಲಿ 5 ಘನ ಮೀಟರ್ ಹೊದಿಕೆಗೆ ಹೋಯಿತು. 8 ಸೆಂ.ಮೀ. ದಪ್ಪಕ್ಕೆ ಹರಡಿದರೆ ಸುಮಾರು 62 ಚದರ ಮೀಟರಿಗೆ ಬರುತ್ತದೆ: ದಾಸವಾಳ, ಮಲ್ಲಿಗೆ, ಕರಿಬೇವು, ನಿಂಬೆಯ ಬುಡಗಳು, ನಡೆದಾಡುವ ದಾರಿ. ಕಾಂಡದಿಂದ ಒಂದು ಗೇಣು ದೂರ, ಗೆದ್ದಲಿನ ಭಯಕ್ಕೆ ಗೋಡೆಯಿಂದ ಒಂದು ಅಡಿ ದೂರ. ಇಲ್ಲಿ ಎರಡು ಎಡವಟ್ಟಾದವು.

ಒಂದು, ಬದನೆ ಮತ್ತು ಮೆಣಸಿನ ಪಾತಿಯಲ್ಲಿ ಚೂರನ್ನು ಮೇಲೆ ಹರಡುವ ಬದಲು ಗುದ್ದಲಿಯಿಂದ ಮಣ್ಣಿಗೆ ಬೆರೆಸಿಬಿಟ್ಟರು. ಮೂರು ವಾರದಲ್ಲಿ ಸಸಿಗಳು ಕೆಳಗಿನ ಎಲೆಯಿಂದ ಹಳದಿಯಾಗುತ್ತ ಬಂದವು. ಮರದ ಚೂರನ್ನು ಕರಗಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹೀರಿಕೊಳ್ಳುತ್ತವೆ. ಮೇಲೆ ಹರಡಿದ್ದರೆ ಈ ಕೊರತೆ ಮಣ್ಣಿನ ಮೇಲ್ಪದರದಲ್ಲೇ ನಿಲ್ಲುತ್ತಿತ್ತು, ಬೇರಿನ ತನಕ ಇಳಿಯುತ್ತಿರಲಿಲ್ಲ. ಲೀಟರಿಗೆ 10 ಗ್ರಾಂ ಯೂರಿಯಾ ಕರಗಿಸಿ ವಾರಕ್ಕೊಮ್ಮೆ ಮೂರು ಸಲ ಬುಡಕ್ಕೆ ಕೊಟ್ಟ ಮೇಲೆ ಹೊಸ ಚಿಗುರು ಹಸಿರಾಯಿತು.

ಇನ್ನೊಂದು ಗುಲ್‌ಮೊಹರಿನ ಕಾಯಿ. ಹೋದ ವರ್ಷದ ಕತ್ತಿಯಂಥ ಒಣಕಾಯಿಗಳು ಮೇ ತಿಂಗಳಲ್ಲೂ ಮರದ ಮೇಲಿದ್ದವು, ಕೊಂಬೆಯ ಜೊತೆ ಯಂತ್ರಕ್ಕೂ ಹೋದವು. ಅದರ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ, ನೀರು ಒಳಗಿಳಿಯದೆ ಸುಮ್ಮನೆ ಬಿದ್ದಿರುತ್ತದೆ. ನರ್ಸರಿಯವರು ಅದನ್ನು ಬಿಸಿನೀರಿಗೆ ಹಾಕಿ ಅಥವಾ ಉಜ್ಜಿ ಮೊಳೆಸುತ್ತಾರೆ. ಉಜ್ಜುವ ಕೆಲಸವನ್ನು ಇಲ್ಲಿ ಶ್ರೆಡ್ಡರ್ ಪುಕ್ಕಟೆ ಮಾಡಿಕೊಟ್ಟಿತ್ತು. ಜುಲೈ ಮಳೆಗೆ ದಾಸವಾಳದ ಬುಡದಲ್ಲೆಲ್ಲ ದಪ್ಪ ಬೀಜದಳ ಹೊತ್ತ ನೂರಾರು ಸಸಿ! ಎರಡೆಲೆಯಲ್ಲೇ ಕಿತ್ತರೆ ಬೆರಳಿಗೆ ಬರುತ್ತವೆ, ಒಂದು ತಿಂಗಳು ಬಿಟ್ಟರೆ ಬೇರು ಇಳಿದು ಗುದ್ದಲಿ ಬೇಕಾಗುತ್ತದೆ. ಕಾಯಿಯನ್ನು ಮೊದಲೇ ಆರಿಸಿ ಹಂಡೆ ಒಲೆಗೆ ಹಾಕಿದ್ದರೆ ಚೆನ್ನಾಗಿ ಉರಿಯುತ್ತಿತ್ತು.

ಉಳಿದ 3 ಘನ ಮೀಟರಿನಲ್ಲಿ ಗೊಬ್ಬರದ ಗುಡ್ಡೆ ಹಾಕಿದರು. ನೂರು ಕೆಜಿ ಸಗಣಿ ಕಲಸಿ, ನೀರು ಹೊಡೆದು, ಟಾರ್ಪಾಲಿನ್ ಮುಚ್ಚಿದರು. ನಾಲ್ಕನೇ ದಿನ ಬೆಚ್ಚಗಾಯಿತು, ಹತ್ತನೇ ದಿನ ತಣ್ಣಗಾಯಿತು. ತೆಗೆದು ನೋಡಿದರೆ ಎಲೆಯಷ್ಟೇ ಕರಗಿತ್ತು, ಕಡ್ಡಿ ಹಾಗೇ ಇತ್ತು. ಇಲ್ಲಿ ಲೆಕ್ಕ ಹಾಕಬೇಕು. 3 ಘನ ಮೀಟರ್ ಚೂರು ಸುಮಾರು 900 ಕೆಜಿ, ನೀರು ಕಳೆದರೆ 500. ಅದರಲ್ಲಿ ಇಂಗಾಲ 240 ಕೆಜಿಯಷ್ಟು. ಎಲೆ ಬೆರೆತ ಚೂರಿನಲ್ಲಿ ಇಂಗಾಲ 70 ಪಾಲಿದ್ದರೆ ಸಾರಜನಕ ಒಂದು ಪಾಲು ಎಂದು ಹಿಡಿದರೆ ಇರುವ ಸಾರಜನಕ 3.4 ಕೆಜಿ. ಗುಡ್ಡೆ ಬಿಸಿಯೇರಲು 30ಕ್ಕೆ ಒಂದು ಬೇಕು, ಅಂದರೆ 8 ಕೆಜಿ. ನೂರು ಕೆಜಿ ಹಸಿ ಸಗಣಿಯಲ್ಲಿ ಇರುವುದು ಅರ್ಧ ಕೆಜಿಗಿಂತ ಕಡಿಮೆ. ಕೊರತೆ ಸಗಣಿಯಿಂದಲೇ ತುಂಬಬೇಕೆಂದರೆ ಒಂದು ಟನ್ನಿಗೂ ಮಿಕ್ಕಿ ಬೇಕು, ಯೂರಿಯಾದಿಂದಾದರೆ 10 ಕೆಜಿ ಸಾಕು. ಮನೆಯವರು ನಡುವಿನ ದಾರಿ ಹಿಡಿದರು: ಇನ್ನೂ 400 ಕೆಜಿ ಸಗಣಿ, 4 ಕೆಜಿ ಯೂರಿಯಾ, ಎರಡು ಸಲ ಮಗುಚುವಾಗ ಅರ್ಧರ್ಧ.

ಅದಾದ ಮೂರನೇ ದಿನ ಗುಡ್ಡೆಯೊಳಗೆ ಚುಚ್ಚಿಟ್ಟ ಕಬ್ಬಿಣದ ಸರಳನ್ನು ಹತ್ತು ನಿಮಿಷ ಬಿಟ್ಟು ತೆಗೆದರೆ ಹಿಡಿದುಕೊಂಡಿರಲು ಆಗಲಿಲ್ಲ. ಥರ್ಮಾಮೀಟರ್ ಇಲ್ಲದವರಿಗೆ ಇದೇ ಅಳತೆ: ಸರಳು ಅಷ್ಟು ಸುಟ್ಟರೆ ಒಳಗೆ 55 ಡಿಗ್ರಿ ದಾಟಿದೆ ಎಂದುಕೊಳ್ಳಬಹುದು. ತೇವಕ್ಕೆ ಅಂಗೈಯ ಪರೀಕ್ಷೆ. ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಾಗಿ ಇಳಿಯಬಾರದು. ನವೆಂಬರಿನ ಹೊತ್ತಿಗೆ 3 ಘನ ಮೀಟರ್ ಇದ್ದದ್ದು 1.2ಕ್ಕೆ ಇಳಿದಿತ್ತು. ಜರಡಿ ಹಿಡಿದು ಮೇಲೆ ಉಳಿದ ಕಡ್ಡಿಯನ್ನು ಮುಂದಿನ ಗುಡ್ಡೆಗೆ ಎತ್ತಿಟ್ಟರು.

ತೆಂಗಿನ ಬೊಡ್ಡೆ

ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ ಪ್ರಕರಣ ಮತ್ತೆ ತೆರೆದುಕೊಂಡಿತು. 3 ಮೀಟರಿನ ಹತ್ತು ಬೊಡ್ಡೆ, ಒಂದೊಂದೂ 160-170 ಕೆಜಿ. ಹೊರಸುತ್ತು ಗರಗಸದ ಹಲ್ಲು ಮೊಂಡು ಮಾಡುವಷ್ಟು ಗಟ್ಟಿ, ಒಳಗೆ ಬರೀ ನಾರಿನ ತಿರುಳು. ಸೌದೆಯವರಿಗೂ ಬೇಡವಾಗಿತ್ತು. ಹಿಂದಿನ ಕಾಂಪೌಂಡಿನ ನೆರಳಿನಲ್ಲಿ ಸಾಲಾಗಿ ಮಲಗಿಸಿ, ಕೂರಲು ಆಗುತ್ತದೆ ಎಂದು ಬಿಟ್ಟರು. ನೋಡಲು ಚೆನ್ನಾಗಿಯೂ ಇತ್ತು.

ನವೆಂಬರಿನಲ್ಲಿ ಪಕ್ಕದ ಮನೆಗೆ ಕಾಯಿ ಕೀಳಲು ಬಂದವರು ಮೇಲಿನಿಂದಲೇ ಕೂಗಿ ಹೇಳಿದರು, ಸುಳಿಗರಿಯಲ್ಲಿ ಕತ್ತರಿಯಿಂದ ತ್ರಿಕೋನ ಕತ್ತರಿಸಿದ ಹಾಗಿದೆ ಎಂದು. ರೈನೋಸರಸ್ ದುಂಬಿಯ ಗುರುತು ಅದು. ಬಿಚ್ಚದ ಸುಳಿಯನ್ನು ದುಂಬಿ ಕೊರೆದಿರುತ್ತದೆ, ಗರಿ ಬಿಚ್ಚಿದಾಗ ಕತ್ತರಿಸಿದಂತೆ ಕಾಣುತ್ತದೆ. ದುಂಬಿ ತಿನ್ನುವುದು ಜೀವಂತ ಮರದ ಸುಳಿಯನ್ನು, ಮೊಟ್ಟೆ ಇಡುವುದು ಕೊಳೆಯುವ ತೆಂಗಿನ ಬೊಡ್ಡೆ, ಸಗಣಿಗುಂಡಿ, ಗೊಬ್ಬರದಲ್ಲಿ. ಒಂದು ಬೊಡ್ಡೆಯನ್ನು ಹೊರಳಿಸಿದರೆ ನೆಲಕ್ಕೆ ತಾಗಿದ ಬದಿ ಬೆರಳಿಗೇ ಕಿತ್ತುಬರುವಷ್ಟು ಮೆತ್ತಗಾಗಿತ್ತು. ಕೊಡಲಿ ಹಾಕಿದರೆ ಒಳಗೆ ಹೆಬ್ಬೆರಳು ಗಾತ್ರದ, ಕಂದು ತಲೆಯ, ಕೊಕ್ಕೆಯಂತೆ ಬಾಗಿದ ಬಿಳಿ ಗೊಣ್ಣೆಹುಳು. ಆ ಒಂದರಲ್ಲೇ ಐವತ್ತಕ್ಕೂ ಹೆಚ್ಚು.

ಪಕ್ಕದ ಮರ ಕೊರೆದ ದುಂಬಿ ಇಲ್ಲಿಂದಲೇ ಹೋದದ್ದೆನ್ನಲು ಆಗದು. ಮೊಟ್ಟೆಯಿಂದ ದುಂಬಿಯಾಗಲು ಸುಮಾರು ಆರು ತಿಂಗಳು ಹಿಡಿಯುತ್ತದೆ, ಬೊಡ್ಡೆ ಕೊಳೆಯಲು ಶುರುವಾದದ್ದೇ ಮಳೆ ಹಿಡಿದ ಮೇಲೆ. ಬಹುಶಃ ಹೊರಗಿನ ದುಂಬಿ ಬಂದು ಇಲ್ಲಿ ಮೊಟ್ಟೆಯಿಟ್ಟಿತ್ತು. ಒಳಗಿದ್ದವು ಮುಂದಿನ ಬೇಸಿಗೆಗೆ ಹೊರಡಬೇಕಿದ್ದವು.

ಹತ್ತನ್ನೂ ಬೆಣೆ ಹೊಡೆದು ನಾಲ್ಕು ನಾಲ್ಕು ಸೀಳು ಮಾಡಿದರು, ಇಬ್ಬರಿಗೆ ಎರಡು ದಿನದ ಕೆಲಸ. ಹುಳುಗಳನ್ನು ಆರಿಸಿ ಕೋಳಿಗೆ ಹಾಕಿದರು. ಸೀಳುಗಳನ್ನು ಇಟ್ಟಿಗೆಯ ಮೇಲೆ, ನೆಲಕ್ಕೆ ತಾಗದಂತೆ ಬಿಸಿಲಿಗೆ ಒಟ್ಟಿದರು. ಒಣಗಿದ ತೆಂಗು ಹಂಡೆ ಒಲೆಗೆ ಆಗುತ್ತದೆ. ಗೊಬ್ಬರದ ಗುಡ್ಡೆಯನ್ನೂ ಕೆದಕಿದಾಗ ಏಳೆಂಟು ಸಿಕ್ಕವು. ಅದಕ್ಕೆ ಮೆಟಾರೈಜಿಯಂ ಶಿಲೀಂಧ್ರದ ಪುಡಿಯನ್ನು ನೀರಿನಲ್ಲಿ ಕಲಸಿ ಹಾಕಿದರು, ಗೊಣ್ಣೆಹುಳುವಿಗೆ ರೋಗ ಹತ್ತಿಸುವ ಶಿಲೀಂಧ್ರ ಅದು. ಮೇ ತಿಂಗಳಲ್ಲಿ ಬೊಡ್ಡೆ ಇನ್ನೂ ಗಟ್ಟಿಯಿದ್ದಾಗಲೇ ಸೀಳಿದ್ದರೆ ಹೊರಸುತ್ತಿನಲ್ಲಿ ಪಕ್ಕಾಸು ತೆಗೆಯಬಹುದಿತ್ತು, ಒಂದಷ್ಟು ಕಾಸೂ ಬರುತ್ತಿತ್ತು.

ಗುಲ್‌ಮೊಹರಿನ ಬುಡವನ್ನು ಕೀಳಲಿಲ್ಲ. ನೀರಿನ ಸಂಪಿನ ಗೋಡೆ 1.2 ಮೀಟರ್ ದೂರದಲ್ಲೇ ಇದ್ದುದರಿಂದ ಜೆಸಿಬಿಯವರು ಒಲ್ಲೆ ಎಂದರು, ಬೇರು ಎಳೆದರೆ ಗೋಡೆ ಸೀಳುತ್ತದೆ. ನೆಲದಿಂದ ನಾಲ್ಕು ಬೆರಳು ಕೆಳಗೆ ಕೊಯ್ದು, ಮೇಲ್ಮುಖಕ್ಕೆ ಅಡ್ಡಡ್ಡ ಗರಗಸ ಎಳೆದು, ಗೊಬ್ಬರ ತುಂಬಿ, ಚೂರು ಮುಚ್ಚಿದರು. ಮಳೆಗಾಲದಲ್ಲಿ ಬಂದ ಚಿಗುರನ್ನು ತಿಂಗಳಿಗೊಮ್ಮೆ ಮುರಿದರು. ಮಾವಿನ ಬುಡ ಮಾತ್ರ ಜೆಸಿಬಿಗೆ ಎದ್ದಿತು.

ಲೆಕ್ಕ

ಲೋಡಿಗೆ ಹೋಗಿ ವ್ಯರ್ಥವಾದದ್ದು 4,400. ಶ್ರೆಡ್ಡರಿಗೆ 8,400. ಬಿಡಿಸಲು ಮತ್ತು ಯಂತ್ರಕ್ಕೆ ಕೊಡಲು ಇಬ್ಬರಿಗೆ ಮೂರು ದಿನ, ತಲಾ 800ರಂತೆ 4,800. ತೆಂಗು ಸೀಳಲು 3,200. ಸೌದೆಯಲ್ಲಿ 600 ಕೆಜಿ ಮನೆಗಿಟ್ಟು 1.8 ಟನ್ ಹಸಿಯಾಗಿಯೇ ಕೆಜಿಗೆ 3 ರೂಪಾಯಿಯಂತೆ ಮಾರಿದ್ದರಿಂದ 5,400 ಬಂತು. ನಿವ್ವಳ 15,400, ಸಗಣಿ, ಯೂರಿಯಾ, ಜೆಸಿಬಿ ಬಿಟ್ಟು. ಮೊದಲ ದಿನವೇ ರಾಶಿಯನ್ನು ಬೇರೆ ಬೇರೆಯಾಗಿ ಹಾಕಿಸಿದ್ದರೆ ಬಿಡಿಸುವ ದಿನದ ಕೂಲಿ, ವ್ಯರ್ಥ ಲೋಡು, ಆಮೇಲೆ ತೆಂಗು ಸೀಳಿದ ಕೂಲಿ ಉಳಿಯುತ್ತಿದ್ದವು.

ಮರುವರ್ಷ ಅದೇ ಬೀದಿಯ ಇನ್ನೊಂದು ಮನೆಯವರು ಒಂದು ಸಿಲ್ವರ್ ಓಕ್, ಒಂದು ತೆಂಗು ತೆಗೆಸಿದರು. ಮೇಸ್ತ್ರಿ ಅವರೇ. ಈ ಸಲ ಒಂದು ಚೀಟಿ ಬರೆದು ಇಬ್ಬರೂ ಸಹಿ ಹಾಕಿದರು: ದಿಮ್ಮಿ ಯಾರದು, ಮಣಿಕಟ್ಟಿಗಿಂತ ದಪ್ಪದ ಸೌದೆ ಯಾರದು, ಸೊಪ್ಪನ್ನು ಟಾರ್ಪಾಲಿನ್ ಮೇಲೆ ದಪ್ಪ ತುದಿ ಒಂದೇ ಕಡೆ ಬರುವಂತೆ ಜೋಡಿಸಬೇಕು, ಕಾಯಿ ಬೇರೆ, ತೆಂಗಿನ ಬೊಡ್ಡೆ ಸೀಳಿಯೇ ಹೋಗಬೇಕು. ಶ್ರೆಡ್ಡರ್ ಬರುವ ದಿನ ಗೊತ್ತುಮಾಡಿಕೊಂಡ ಮೇಲೆ ಮರಕ್ಕೆ ಹಗ್ಗ ಕಟ್ಟಿದರು. ಮೇಸ್ತ್ರಿ 2,000 ಹೆಚ್ಚು ಕೇಳಿದರು, ಕೊಟ್ಟರು.